ಕಾಲಿಗೆ ಸುತ್ತಿಕೊಳ್ಳುವ ಜೊಂಡು

ಮೊದಲ ದಿನ ನೀರಿಗಿಳಿದು ಇಪ್ಪತ್ತು ಸ್ಟ್ರೋಕ್ ಈಜಿದ್ದೆನೋ ಇಲ್ಲವೋ, ಹೊಟ್ಟೆಗೆ ಏನೋ ತಾಕಿತು. ಮೆತ್ತಗೆ, ಯಾರೋ ಬೆರಳಲ್ಲಿ ಸವರಿದ ಹಾಗೆ. ಮುಂದಿನ ಸ್ಟ್ರೋಕಿಗೆ ಅದೇ ಮೊಣಕೈಗೆ ಸುತ್ತಿಕೊಂಡು ಜಾರಿತು. ಈಜು ಕನ್ನಡಕದೊಳಗಿಂದ ಕೆಳಗೆ ನೋಡಿದರೆ ಜೊಂಡು. ಆಳದಿಂದ ಎದ್ದು ಬಂದು, ಮೇಲಕ್ಕೆ ಇನ್ನೊಂದು ಗೇಣು ಉಳಿದಿರುವಾಗ ತುದಿ ಬಾಗಿಸಿ, ಕಣ್ಣು ಹಾಯುವಷ್ಟು ದೂರವೂ ತೂಗುತ್ತಿರುವ ಹಸಿರು ಜೊಂಡು. ಎದೆ ಹೊಡೆದುಕೊಳ್ಳತೊಡಗಿತು. ಅಂಗಾತ ತಿರುಗಿ, ಆಕಾಶ ನೋಡುತ್ತಾ, ಕಾಲಾಡಿಸಿಕೊಂಡು ಹೇಗೋ ದಡ ಸೇರಿದೆ.

"ಯಾಕಕ್ಕಾ, ಇಷ್ಟು ಬೇಗ ಬಂದ್ಬಿಟ್ಟೆ?" ತಂಗಿ ಟವೆಲ್ ಹಿಡಿದುಕೊಂಡು ನಿಂತಿದ್ದಳು.

"ನೀರು ತುಂಬಾ ತಣ್ಣಗಿದೆ ಕಣೇ" ಅಂದೆ. ತಣ್ಣಗಿದ್ದದ್ದು ನಿಜ. ಆದರೆ ನಾನು ಎದ್ದು ಬಂದದ್ದು ಅದಕ್ಕಲ್ಲ.

ಇದು ವಿಯೆನ್ನಾದ ಮಾತು. ತಂಗಿಯ ಮನೆ ಅಲ್ಲಿನ ಕಾಗ್ರಾನ್ ಎಂಬ ಬಡಾವಣೆಯಲ್ಲಿದೆ. ಜೂನ್‌ನಲ್ಲಿ ಮೂರು ವಾರ ರಜೆ ಹಾಕಿ ಹೋಗಿದ್ದೆ. ವರ್ಷದ ಕೊನೆಗೆ ಗೋವಾದಲ್ಲಿ ಅರ್ಧ ದೂರದ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದರಿಂದ ತರಬೇತಿ ಬಿಡುವಂತಿರಲಿಲ್ಲ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ, ಒಂದರ ಬೆನ್ನಿಗೆ ಒಂದು. ಗೋವಾದಲ್ಲಿ ಈಜುವುದು ಸಮುದ್ರದಲ್ಲಿ. ನಾನು ಅದುವರೆಗೆ ಈಜಿದ್ದದ್ದೆಲ್ಲ ಬೆಂಗಳೂರಿನ ಈಜುಕೊಳದಲ್ಲಿ, ತಳದಲ್ಲಿ ಬಳಿದ ಕಪ್ಪು ಗೆರೆ ನೋಡಿಕೊಂಡು. ಹಾಗಾಗಿ ಸೂಟ್‌ಕೇಸಿನಲ್ಲಿ ಓಟದ ಬೂಟು, ಸೈಕಲ್ ಹೆಲ್ಮೆಟ್, ನೀರಲ್ಲಿ ಸೊಂಟಕ್ಕೆ ಕಟ್ಟಿಕೊಳ್ಳುವ ಕಿತ್ತಳೆ ಬಣ್ಣದ ತೇಲುಚೀಲ ಎಲ್ಲ ತುಂಬಿಕೊಂಡು ಹೋಗಿದ್ದೆ. ಜೊತೆಗೆ ಎರಡು ಕಿಲೋ ರಾಗಿಹಿಟ್ಟು. ಉದ್ದದ ಸೈಕಲ್ ಸವಾರಿಗೆ ಮುಂಚೆ ನನ್ನ ಹೊಟ್ಟೆಗೆ ಅಂಬಲಿಯಷ್ಟು ಒಗ್ಗುವುದು ಬೇರೆ ಯಾವುದೂ ಇಲ್ಲ.

ಜೊಂಡಿನ ಮಾತಿಗೆ ಬರಬೇಕಾದರೆ ತಿಪಟೂರಿನ ಹತ್ತಿರದ ನಮ್ಮೂರಿಗೆ ಹೋಗಬೇಕು. ಅಲ್ಲಿ ತೋಟದ ಬಾವಿಯಲ್ಲಿ ಅಣ್ಣಂದಿರು ಈಜು ಕಲಿತರು. ಸಿಪ್ಪೆ ಸುಲಿಯದ ಒಣ ತೆಂಗಿನಕಾಯಿ ಎರಡನ್ನು ಜೋಡಿಸಿ ಕಟ್ಟಿ, ಬೆನ್ನಿಗೆ ಬಿಗಿದು, ಮೇಲಿಂದ ನೂಕುತ್ತಿದ್ದರು. ನಾಲ್ಕು ದಿನಕ್ಕೆ ಒಂದು ಕಾಯಿ ಬಿಚ್ಚುವುದು, ವಾರಕ್ಕೆ ಇನ್ನೊಂದು. ಹೆಣ್ಣುಮಕ್ಕಳಾದ ನಮಗೆ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುವ ಕೆಲಸ. ಇನ್ನು ಕೆರೆಯ ಕಡೆಗಂತೂ ತಿರುಗಿ ನೋಡುವ ಹಾಗಿರಲಿಲ್ಲ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೀದಿಯ ಹುಡುಗನೊಬ್ಬ ಎಮ್ಮೆ ಮೈತೊಳೆಯಲು ಹೋದವನು ಬರಲಿಲ್ಲ. ಅವನನ್ನು ಎತ್ತಿ ತಂದು ಏರಿಯ ಮೇಲೆ ಮಲಗಿಸಿದ್ದಾಗ ಕಣಕಾಲಿಗೆ ಜೊಂಡು ಸುತ್ತಿಕೊಂಡೇ ಇತ್ತು. ಅಮ್ಮ ಅದನ್ನು ನೋಡಿದ್ದಳು. ಅಂದಿನಿಂದ ನಾವು ನೀರಿನ ಮಾತೆತ್ತಿದರೆ ಸಾಕು, "ಜೊಂಡು ಕಾಲಿಗೆ ಸುತ್ಕೊಂಡ್ರೆ ಬ್ರಹ್ಮ ಬಂದ್ರೂ ಬಿಡಿಸೋಕಾಗಲ್ಲ" ಅನ್ನುತ್ತಿದ್ದಳು. ಬೈದು ಹೇಳುತ್ತಿರಲಿಲ್ಲ, ದನಿ ತಗ್ಗಿಸಿ ಹೇಳುತ್ತಿದ್ದಳು.

ನಾನು ಈಜು ಕಲಿತದ್ದು ಮೂವತ್ತಾರನೇ ವಯಸ್ಸಿಗೆ, ಬೆಂಗಳೂರಿನಲ್ಲಿ, ಮಧ್ಯಾಹ್ನದ ಮಹಿಳೆಯರ ಬ್ಯಾಚ್‌ನಲ್ಲಿ. ಅಮ್ಮನಿಗೆ ಹೇಳಿದ್ದು ಒಂದು ವರ್ಷ ಆದ ಮೇಲೆ.

ವಿಯೆನ್ನಾದಲ್ಲಿ ಮೊದಲ ವಾರದ ಉಳಿದ ದಿನಗಳನ್ನು ಮತ್ತೆ ನೀರಿನ ತಂಟೆಗೆ ಹೋಗದೆ ಓಟ ಮತ್ತು ಸೈಕಲ್ಲಿನಲ್ಲೇ ಕಳೆದೆ. ಯು1 ಅನ್ನುವ ಕೆಂಪು ಬಣ್ಣದ ಮೆಟ್ರೊ ಮಾರ್ಗ ತಂಗಿಯ ಮನೆಯ ಹತ್ತಿರದಿಂದಲೇ ಹೋಗುತ್ತದೆ. ಒಂದು ನಿಲ್ದಾಣ ದಾಟಿದರೆ ಆಲ್ಟೆ ಡೊನಾವ್, ಅಂದರೆ ಹಳೆ ಡ್ಯಾನ್ಯೂಬ್. ಇನ್ನೆರಡು ದಾಟಿದರೆ ಡೊನಾವ್‌ಇನ್ಸೆಲ್, ಡ್ಯಾನ್ಯೂಬ್ ದ್ವೀಪ. ಮತ್ತೆರಡು ದಾಟಿದರೆ ಪ್ರಾಟರ್‌ಸ್ಟರ್ನ್, ಪ್ರಾಟರ್ ಎಂಬ ದೊಡ್ಡ ಉದ್ಯಾನದ ನಿಲ್ದಾಣ. ಈಜು, ಸೈಕಲ್, ಓಟ ಮೂರಕ್ಕೂ ಒಂದೇ ರೈಲು. ಜೂನ್‌ನಲ್ಲಿ ಅಲ್ಲಿ ಐದಕ್ಕೆಲ್ಲ ಬೆಳಕು ಹರಿದಿರುತ್ತದೆ, ರಾತ್ರಿ ಒಂಬತ್ತರವರೆಗೂ ಬಿಸಿಲಿನ ಬಣ್ಣ ಗೋಡೆಗಳ ಮೇಲಿರುತ್ತದೆ. ಬೆಳಿಗ್ಗೆ ಓಡಿ ಸಂಜೆ ಸೈಕಲ್ ಹೊಡೆದರೂ ದಿನ ಇನ್ನೂ ಮಿಕ್ಕಿರುತ್ತಿತ್ತು.

ಪ್ರಾಟರ್ ಒಂದು ಕಾಲಕ್ಕೆ ರಾಜಮನೆತನದ ಬೇಟೆಯ ಕಾಡಾಗಿತ್ತು. 1766ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಅದನ್ನು ಜನರಿಗೆ ತೆರೆದುಕೊಟ್ಟ. ಅದರ ನಡುವೆ ಹೌಪ್ಟ್‌ಆಲೀ ಎಂಬ ಹೆದ್ದಾರಿಯಂಥ ಸಾಲುಮರದ ದಾರಿ ಇದೆ. 4.4 ಕಿ.ಮೀ. ಉದ್ದ, ಎಳೆದ ಗೆರೆಯಷ್ಟು ನೇರ, ಎರಡೂ ಬದಿ ಚೆಸ್ಟ್‌ನಟ್ ಮರಗಳು, ಮೋಟಾರು ವಾಹನಗಳಿಲ್ಲ. ಓಡುವವರಿಗೆ ಆ ದಾರಿಯ ಹೆಸರು ಹೇಳಿದರೆ ಸಾಕು, ನೆನಪಾಗುವುದು 2019ರ ಅಕ್ಟೋಬರ್ 12. ಕೀನ್ಯಾದ ಓಟಗಾರ ಎಲಿಯುಡ್ ಕಿಪ್ಚೋಗೆ ಇಲ್ಲೇ ಮ್ಯಾರಥಾನ್ ದೂರವನ್ನು, ಅಂದರೆ 42.2 ಕಿ.ಮೀ., 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ್ದು. ವೇಗ ಕಾಯ್ದುಕೊಡಲು ಸರದಿಯ ಮೇಲೆ ಬಂದು ಅವರ ಸುತ್ತ ಓಡಿದ ಓಟಗಾರರು 41 ಮಂದಿ. ಆ ಕಾರಣಕ್ಕೆ ಅದು ಅಧಿಕೃತ ದಾಖಲೆಯಾಗಲಿಲ್ಲ. ದಾರಿಯ ಕೊನೆಯಲ್ಲಿರುವ ಲುಸ್ಟ್‌ಹೌಸ್ ಎಂಬ ಹಳೆ ಕಟ್ಟಡವನ್ನು ಸುತ್ತಿ ತಿರುಗುವಾಗ ವೇಗ ಕಳೆಯದಿರಲೆಂದು ಆ ತಿರುವಿನಲ್ಲಿ ರಸ್ತೆಯನ್ನೇ ಓರೆ ಮಾಡಿಕೊಟ್ಟಿದ್ದರು.

ಆ ದಾರಿಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಲು ಕಿಪ್ಚೋಗೆಗೆ ಹನ್ನೆರಡೂವರೆ ನಿಮಿಷ ಸಾಕಾಗಿತ್ತು. ನನಗೆ ಅರ್ಧ ಗಂಟೆ ಬೇಕು. ಆದರೂ ಅದೇ ಲುಸ್ಟ್‌ಹೌಸ್ ಸುತ್ತಿ ವಾಪಸ್ ತಿರುಗುವಾಗ ಮೈಯಲ್ಲಿ ಒಂದು ಹುರುಪು ಬರುತ್ತಿತ್ತು. ಅಲ್ಲಿ ಓಡುತ್ತಾ ನನಗೆ ಒಂದು ಸಂಗತಿ ತಟ್ಟಿತು. ಬೆಂಗಳೂರಿನಲ್ಲಿ ನಾನು ಓಡುವಾಗ ಕಣ್ಣು ಸದಾ ನೆಲದ ಮೇಲೆ. ಕಲ್ಲು ಎದ್ದಿದೆಯೇ, ಚರಂಡಿ ಬಾಯಿ ತೆರೆದಿದೆಯೇ, ಮುಂದಿನ ತಿರುವಿನಲ್ಲಿ ನಾಯಿಗಳಿವೆಯೇ, ಎದುರು ಬರುತ್ತಿರುವ ಬೈಕಿನವನು ಏನಾದರೂ ಅಂದಾನೇ. ಕಬ್ಬನ್ ಪಾರ್ಕಿನ ಭಾನುವಾರಗಳನ್ನು ಬಿಟ್ಟರೆ ಆ ಎಚ್ಚರವನ್ನು ಎಲ್ಲೂ ಇಳಿಸಿದ್ದಿಲ್ಲ. ಪ್ರಾಟರ್‌ನಲ್ಲಿ ಮೂರನೇ ದಿನಕ್ಕೆ ಕುತ್ತಿಗೆ ತಾನಾಗಿ ನೆಟ್ಟಗಾಯಿತು, ಹೆಗಲು ಇಳಿಯಿತು. ಅದೇ ವೇಗಕ್ಕೆ ಎದೆಬಡಿತ ನಿಮಿಷಕ್ಕೆ ಐದಾರು ಕಡಿಮೆಯೇ ತೋರಿಸುತ್ತಿತ್ತು ಕೈಗಡಿಯಾರ. ಅದರಲ್ಲಿ ತಂಪು ಹವೆಯ ಪಾಲೂ ಇದ್ದೀತು. ಆದರೆ ಎಚ್ಚರ ಹೊತ್ತುಕೊಂಡು ಓಡುವುದೂ ಒಂದು ಭಾರವೇ ಎಂದು ಮೈಗೆ ಗೊತ್ತಾದದ್ದು ಅಲ್ಲಿ.

ಸೈಕಲ್ ಬಾಡಿಗೆಗೆ ತೆಗೆದುಕೊಂಡೆ. ಬಲ ಬದಿಯಲ್ಲಿ ಓಡಿಸುವುದು ಎರಡು ದಿನಕ್ಕೆ ಒಗ್ಗಿತು. ಒಗ್ಗದೇ ಹೋದದ್ದು ಟ್ರಾಮ್ ಹಳಿ. ಹಳಿಯ ಪಕ್ಕದ ಸೀಳು ಸೈಕಲ್ಲಿನ ತೆಳು ಟೈರಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ಅಡ್ಡಡ್ಡ ದಾಟಬೇಕು, ಓರೆಯಾಗಿ ದಾಟಬಾರದು. ನಾನು ಓರೆಯಾಗಿ ದಾಟಿದೆ, ಮುಂದಿನ ಚಕ್ರ ಸಿಕ್ಕಿಕೊಂಡು ಬಿದ್ದೆ. ಮೊಣಕೈ ತರಚಿತು. ಹಿರಿಯರೊಬ್ಬರು ಓಡಿ ಬಂದು ಸೈಕಲ್ ಎತ್ತಿ ನಿಲ್ಲಿಸಿ, ಅಂಗೈಯನ್ನು ಹಳಿಯ ಮೇಲೆ ಅಡ್ಡಡ್ಡವಾಗಿ ಇಟ್ಟು ತೋರಿಸಿದರು, ಹೀಗೆ ಎಂದು. ಅವರ ಭಾಷೆ ನನಗೆ ಬಾರದು. ಆ ಅಂಗೈ ಇವತ್ತಿಗೂ ಕಣ್ಣ ಮುಂದಿದೆ.

ಆಮೇಲೆ ಪೇಟೆಯ ಬೀದಿ ಬಿಟ್ಟು ದ್ವೀಪಕ್ಕೇ ಹೋಗತೊಡಗಿದೆ. ಡೊನಾವ್‌ಇನ್ಸೆಲ್ ಸುಮಾರು 21 ಕಿ.ಮೀ. ಉದ್ದ, ಅಗಲವಾದಲ್ಲೂ 250 ಮೀಟರ್ ಅಷ್ಟೇ. ಅರ್ಧ ಮ್ಯಾರಥಾನಿಗೆ ಅಳೆದು ಕತ್ತರಿಸಿದಂತಿದೆ. ತುದಿಯಿಂದ ತುದಿಗೆ ಎರಡು ಸಲ ಹೋಗಿ ಬಂದರೆ 84 ಕಿಲೋಮೀಟರು. ವಾಯವ್ಯದಿಂದ ಗಾಳಿ ಬೀಸುವ ದಿನ ನದಿಯ ಮೇಲ್ಭಾಗಕ್ಕೆ ಹೋಗುವಾಗ ಎದುರುಗಾಳಿ, ಏರು ಹತ್ತಿದಷ್ಟೇ ತೊಡೆ ಉರಿಯುತ್ತದೆ. ಬರುವಾಗ ಪೆಡಲ್ ತಾನಾಗಿ ತಿರುಗುತ್ತದೆ. ನಂದಿಬೆಟ್ಟದ ಏರು ಹತ್ತಿ ರೂಢಿಯಿದ್ದ ನನಗೆ ಈ ಚಪ್ಪಟೆ ನೆಲ ಹೊಸ ಪಾಠ ಕಲಿಸಿತು: ಇಳಿಜಾರೇ ಇಲ್ಲದ ಕಡೆ ಕಾಲಿಗೆ ಬಿಡುವೇ ಇಲ್ಲ. ಮೂರು ಗಂಟೆ ಒಂದೇ ಸಮ ತುಳಿಯುತ್ತಿರಬೇಕು. ಗೋವಾದ ರಸ್ತೆಗೆ ಬೇಕಾದ ಅಭ್ಯಾಸ ಇದೇ.

ಈ ದ್ವೀಪ ದೇವರು ಕೊಟ್ಟದ್ದಲ್ಲ, ಅಗೆದ ಮಣ್ಣಿನ ರಾಶಿ. ಡ್ಯಾನ್ಯೂಬ್ ಈ ಊರನ್ನು ಮತ್ತೆ ಮತ್ತೆ ಮುಳುಗಿಸುತ್ತಿತ್ತು. 1870ರಿಂದ 1875ರವರೆಗೆ ನದಿಗೆ ಹೊಸದಾಗಿ ನೇರ ಪಾತ್ರ ತೋಡಿದರು. ಸೂಯೆಜ್ ಕಾಲುವೆ ತೋಡಿದ ಯಂತ್ರಗಳನ್ನೇ ಅದಕ್ಕೆ ತಂದರು. ಹಳೆಯ ಬಳಸು ಪಾತ್ರ ನದಿಯಿಂದ ಕಡಿದುಹೋಗಿ ಸರೋವರವಾಯಿತು. ಅದೇ ಆಲ್ಟೆ ಡೊನಾವ್, ನಾನು ಹೆದರಿ ಎದ್ದು ಬಂದ ನೀರು. ಅಷ್ಟಾದರೂ 1954ರಲ್ಲಿ ಮತ್ತೆ ದೊಡ್ಡ ನೆರೆ ಬಂತು. ಆಗ ನದಿಯ ಪಕ್ಕದಲ್ಲಿ ಅದಕ್ಕೆ ಸಮನಾಗಿ ಇನ್ನೊಂದು ಪಾತ್ರವನ್ನೇ ತೋಡುವ ತೀರ್ಮಾನವಾಯಿತು. 1972ರಲ್ಲಿ ಶುರುವಾದ ಕೆಲಸ ಮುಗಿದದ್ದು 1988ಕ್ಕೆ. ತೋಡಿದ ಮಣ್ಣನ್ನು ಎರಡು ನೀರಿನ ನಡುವೆ ಸುರಿದರು, ದ್ವೀಪವಾಯಿತು.

ಇದನ್ನು ತಂಗಿ ವಿವರಿಸುತ್ತಿದ್ದಾಗ ನನ್ನ ಬಾಯಿಂದ ತಾನಾಗಿ ಬಂದದ್ದು, "ಓ, ಇದು ಕೋಡಿ!" ಕೆರೆ ತುಂಬಿದಾಗ ಏರಿ ಒಡೆಯದಿರಲೆಂದು ಹೆಚ್ಚಿನ ನೀರು ಹರಿದುಹೋಗಲು ನಮ್ಮ ಹಿರಿಯರು ಬಿಟ್ಟ ದಾರಿ ಕೋಡಿ. ವಿಯೆನ್ನಾದವರು ಇಡೀ ಡ್ಯಾನ್ಯೂಬಿಗೆ 21 ಕಿ.ಮೀ. ಉದ್ದದ ಕೋಡಿ ಮಾಡಿದ್ದಾರೆ. ಮೇಲ್ತುದಿಯಲ್ಲಿ ಗೇಟುಗಳಿವೆ. ಉಳಿದ ದಿನ ಅವು ಮುಚ್ಚಿರುತ್ತವೆ, ಹೊಸ ಪಾತ್ರದ ನೀರು ಕೆರೆಯಂತೆ ನಿಂತಿರುತ್ತದೆ, ಜನ ಈಜುತ್ತಾರೆ. ನೆರೆ ಬಂದಾಗ ಗೇಟು ಎತ್ತುತ್ತಾರೆ. ನದಿ ಮತ್ತು ಕೋಡಿ ಎರಡೂ ಸೇರಿ ಸೆಕೆಂಡಿಗೆ 14,000 ಘನ ಮೀಟರ್ ನೀರನ್ನು ಊರು ದಾಟಿಸುವ ಲೆಕ್ಕದಲ್ಲಿ ಕಟ್ಟಿದ್ದು. 2013ರ ಜೂನ್‌ನಲ್ಲೂ 2024ರ ಸೆಪ್ಟೆಂಬರ್‌ನಲ್ಲೂ ಊರನ್ನು ಕಾದದ್ದು ಇದೇ. ನಾನು ಅಂಬಲಿ ಕುಡಿದು ಸೈಕಲ್ ತುಳಿಯುತ್ತಿದ್ದದ್ದು ಒಂದು ಕೋಡಿಯ ಏರಿಯ ಮೇಲೆ ಅನ್ನುವುದು ಗೊತ್ತಾದ ಮೇಲೆ ಆ ಜಾಗ ಅಪರಿಚಿತ ಅನ್ನಿಸಲಿಲ್ಲ.

ಕುಡಿಯುವ ನೀರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಬೀದಿ, ಪಾರ್ಕುಗಳಲ್ಲೆಲ್ಲ ಕುಡಿಯುವ ನೀರಿನ ನಲ್ಲಿಗಳಿವೆ. ಬಾಟಲಿ ಹಿಡಿದರೆ ಆಲ್ಪ್ಸ್ ಬೆಟ್ಟದ ಒರತೆಯ ನೀರು. 1873ರಲ್ಲಿ ಮೊದಲ ಕೊಳವೆ ಮಾರ್ಗ, 1910ರಲ್ಲಿ ಎರಡನೆಯದು. ಬೆಟ್ಟದಿಂದ ಊರಿಗೆ ಇಳಿಜಾರಿನಲ್ಲೇ ಹರಿದು ಬರುತ್ತದೆ. ಬೆಂಗಳೂರಿಗೆ ಕಾವೇರಿ ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು ನೂರು ಕಿ.ಮೀ. ದೂರ, ಐನೂರು ಮೀಟರಿನಷ್ಟು ಮೇಲಕ್ಕೆ ಎತ್ತಿ ತರಬೇಕು. ಹಾಗೆ ಬಂದ ನೀರಿನಲ್ಲಿ ದಿನ ಕಳೆಯುವವಳಿಗೆ, ತುಂಬಿದ ಬಾಟಲಿಯಲ್ಲಿ ಅರ್ಧ ಉಳಿದರೆ ಚೆಲ್ಲಲು ಕೈ ಬರುತ್ತಿರಲಿಲ್ಲ. ಅದಕ್ಕೇ ಬೆಲ್ಲ, ಉಪ್ಪು, ನಿಂಬೆ ಹಿಂಡಿ ಕಲಸಿ ಸಂಜೆಗೆ ಇಟ್ಟುಕೊಳ್ಳುತ್ತಿದ್ದೆ.

ಎರಡನೇ ವಾರ ಮತ್ತೆ ನೀರಿಗೆ ಹೋದೆ. ಈ ಸಲ ಜೊತೆಗೆ ತಂಗಿಯ ಮಗಳು, ಒಂಬತ್ತು ವರ್ಷದವಳು. ಅಲ್ಲಿ ಶಾಲೆಯಲ್ಲೇ ಈಜು ಕಲಿಸುತ್ತಾರೆ, ಹಂತ ಹಂತದ ಪರೀಕ್ಷೆ, ಪ್ರತಿಯೊಂದಕ್ಕೂ ಬ್ಯಾಡ್ಜ್. ಇವಳ ಈಜುಡುಗೆಯ ಮೇಲೆ ಹೊಲಿದಿದ್ದ ಬ್ಯಾಡ್ಜ್ ಸಿಗಬೇಕಾದರೆ ಹದಿನೈದು ನಿಮಿಷ ನಿಲ್ಲದೆ ಈಜಬೇಕು, ಎತ್ತರದಿಂದ ನೀರಿಗೆ ಹಾರಬೇಕು, ನೀರಿನ ಬಳಿ ಹೇಗಿರಬೇಕೆಂಬ ನಿಯಮಗಳು ಬಾಯಿಗೆ ಬರಬೇಕು. ಅವಳು ನನಗೆ ಒಪ್ಪಿಸಿದಳು: "ಹೊಟ್ಟೆ ತುಂಬಿರುವಾಗ ಇಳಿಯಬಾರದು ದೊಡ್ಡಮ್ಮ. ಮೈ ನೆನೆಸಿಕೊಂಡು ಇಳಿಯಬೇಕು. ಒಬ್ಬರೇ ದೂರ ಹೋಗಬಾರದು."

ಮೈ ನೆನೆಸಿಕೊಂಡೆ. ತಣ್ಣೀರಿಗೆ ಒಮ್ಮೆಲೇ ಬಿದ್ದರೆ ಉಸಿರು ತಾನಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ಏದುಸಿರು. ಅದು ಚರ್ಮದ ಪ್ರತಿಕ್ರಿಯೆ, ಒಂದೆರಡು ನಿಮಿಷಕ್ಕೆ ಇಳಿಯುತ್ತದೆ. ಅಷ್ಟು ಹೊತ್ತು ದಡದ ಬಳಿಯೇ ನಿಂತು, ಮುಖವನ್ನು ನೀರಿಗೆ ಅದ್ದಿ ಗುಳ್ಳೆ ಬಿಡುತ್ತಾ ಇದ್ದರೆ ಸಾಕು. ಪಕ್ಕದಲ್ಲಿ ಎಪ್ಪತ್ತು ದಾಟಿದ ಹೆಂಗಸರಿಬ್ಬರು ಬಟ್ಟೆಯನ್ನು ಮರದ ಕೊಂಬೆಗೆ ನೇತುಹಾಕಿ, ಮಾತಾಡುತ್ತಲೇ ಇಳಿದು, ಮಾತಾಡುತ್ತಲೇ ಈಜಿಕೊಂಡು ಹೋದರು. ಅವರ ತೊಡೆಯ ಸುಕ್ಕನ್ನಾಗಲಿ ನನ್ನ ಹೊಟ್ಟೆಯನ್ನಾಗಲಿ ಅಲ್ಲಿ ಯಾರೂ ನೋಡುತ್ತಿರಲಿಲ್ಲ.

ಆದರೂ ಜೊಂಡು ತಾಕಿದ ಕೂಡಲೇ ಮತ್ತೆ ನಿಂತೆ. ಮಗು ಕೇಳಿತು, "ಭಯಾನಾ ದೊಡ್ಡಮ್ಮ?" ಸುಳ್ಳು ಹೇಳಲಾಗಲಿಲ್ಲ. ಹೂಂ ಅಂದೆ. ಅವಳು ಮುಳುಗಿ ಒಂದು ಎಳೆ ಕಿತ್ತು ತಂದು ನನ್ನ ಅಂಗೈಯ ಮೇಲಿಟ್ಟಳು.

ನೀರೊಳಗೆ ಹಗ್ಗದಂತೆ ಕಂಡದ್ದು ಕೈಯಲ್ಲಿ ಏನೂ ಇರಲಿಲ್ಲ. ದಾರದಷ್ಟು ತೆಳು ಕಾಂಡ, ಅದರ ಸುತ್ತ ನಾಲ್ಕು ನಾಲ್ಕಾಗಿ ಸುತ್ತು ಹಾಕಿದ ಎಲೆ, ಒಂದೊಂದು ಎಲೆಯೂ ಗರಿಯಂತೆ ಸೀಳಿದ್ದು. ನೀರಿಂದ ಹೊರಗೆ ಬಂದದ್ದೇ ಒದ್ದೆ ಕೂದಲಿನಂತೆ ಕುಸಿದು ಅಂಟಿಕೊಂಡಿತು. ಎರಡು ಬೆರಳಲ್ಲಿ ಎಳೆದರೆ ತುಂಡಾಯಿತು.

ಆ ರಾತ್ರಿ ತಂಗಿ ಕೂತು ಜರ್ಮನ್‌ನಲ್ಲಿದ್ದದ್ದನ್ನೆಲ್ಲ ಓದಿ ಹೇಳಿದಳು. 1990ರ ದಶಕದ ಆರಂಭದಲ್ಲಿ ಈ ಸರೋವರ ಕೆಟ್ಟುಹೋಗಿತ್ತು. ನೀರಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಹೆಚ್ಚಾಗಿ ಪಾಚಿ ತುಂಬಿತು. ಪಾಚಿಯ ನೆರಳಿಗೆ ತಳದ ಗಿಡಗಳು ಸತ್ತವು. ಗಿಡ ಸತ್ತ ಮೇಲೆ ಕೆಸರನ್ನು ಹಿಡಿದಿಡುವವರಿಲ್ಲ, ನೀರು ಇನ್ನಷ್ಟು ಕದಡಿತು. 1995ರಲ್ಲಿ ಕಬ್ಬಿಣದ ಲವಣ ಬೆರೆಸಿ ರಂಜಕವನ್ನು ತಳಕ್ಕೆ ಇಳಿಸಿದರು. ವಸಂತದಲ್ಲಿ ನೀರಿನ ಮಟ್ಟ ತಗ್ಗಿಸಿ ತಳಕ್ಕೆ ಬೆಳಕು ಬೀಳುವಂತೆ ಮಾಡಿದರು. ಆಮೇಲೆ ಕೈಯಾರೆ ನೀರುಗಿಡಗಳನ್ನು ನೆಟ್ಟರು. ಈಗ ಆ ಗಿಡಗಳು ಎಷ್ಟು ಹುಲುಸಾಗಿವೆಯೆಂದರೆ, ಈಜುವವರಿಗೆ ತೊಡಕಾಗದಿರಲೆಂದು ದೋಣಿಯಲ್ಲಿ ಹೋಗಿ ಕೊಯ್ಯುತ್ತಾರೆ. ಬುಡ ಕೀಳುವುದಿಲ್ಲ, ಮೇಲೆ ಕೊಯ್ಯುತ್ತಾರೆ ಅಷ್ಟೇ. ಅವು ಇರುವವರೆಗೆ ನೀರು ತಿಳಿ.

ನನಗೆ ನಿದ್ದೆ ಬರಲಿಲ್ಲ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ದಿನ ನಾನು ಆ ದಾರಿಯಲ್ಲೇ ಆಫೀಸಿಗೆ ಹೋಗುತ್ತಿದ್ದವಳು. ನೊರೆ ಗಾಳಿಗೆ ಹಾರಿ ಸ್ಕೂಟರಿನ ಕನ್ನಡಿಗೆ ಮೆತ್ತಿಕೊಳ್ಳುತ್ತಿತ್ತು. ಅದಕ್ಕೂ ಕಾರಣ ಚರಂಡಿಯಲ್ಲಿ ಹರಿದು ಬಂದ ಸೋಪು, ಹೊಲಸು. ಆ ಕೆರೆಯಲ್ಲೂ ಯಾರದೋ ಅಣ್ಣಂದಿರು ಈಜು ಕಲಿತಿರಬೇಕಲ್ಲವೇ. ಕೆಟ್ಟ ಸರೋವರವನ್ನು ಒಂದು ಊರು ಕೂತು, ವರ್ಷಗಟ್ಟಲೆ ಕಾದು, ಗಿಡ ನೆಟ್ಟು ಉಳಿಸಿಕೊಳ್ಳಬಹುದು ಎಂದು ಅಂಗೈಯಲ್ಲಿಟ್ಟುಕೊಂಡು ನೋಡಿದ ಮೇಲೆ, ನಮ್ಮದು ಇಷ್ಟೇ ಎಂದು ಸುಮ್ಮನಿರುವುದು ನನ್ನಿಂದಾಗದು.

ಮರುದಿನದಿಂದ ದಿನವೂ ಇಳಿದೆ. ಮೊದಲು ದಡದ ಉದ್ದಕ್ಕೆ ಇನ್ನೂರು ಮೀಟರ್, ಆಮೇಲೆ ನಾನೂರು. ಕಪ್ಪು ಗೆರೆ ಇಲ್ಲದ ನೀರಿನಲ್ಲಿ ಎಂಟು ಸ್ಟ್ರೋಕಿಗೊಮ್ಮೆ ತಲೆ ಎತ್ತಿ ಎದುರು ದಡದ ಒಂದು ಮರವನ್ನು ಗುರುತು ಹಿಡಿಯಬೇಕು. ಇಲ್ಲದಿದ್ದರೆ ಬಲಗೈ ಜೋರಿರುವವರು ಎಡಕ್ಕೆ ಸೊಟ್ಟಗೆ ಹೋಗುತ್ತಾರೆ. ನಾನು ಹಾಗೇ ಹೋಗುತ್ತಿದ್ದೆ. ಜೊಂಡು ತಾಕುವುದೇನೂ ನಿಲ್ಲಲಿಲ್ಲ. ಪ್ರತಿ ಸಲ ಮೈ ಜುಮ್ಮೆನ್ನುತ್ತಿತ್ತು, ಆದರೆ ಕೈ ನಿಲ್ಲುತ್ತಿರಲಿಲ್ಲ. ಹನ್ನೊಂದನೇ ದಿನ 1.9 ಕಿಲೋಮೀಟರ್ ಮುಗಿಸಿದೆ, 54 ನಿಮಿಷ. ಗೋವಾಕ್ಕೆ ಇನ್ನಷ್ಟು ವೇಗ ಕೂಡಿದರೆ ಒಳ್ಳೆಯದು. ಅದನ್ನು ಬೆಂಗಳೂರಿನ ಕೊಳದಲ್ಲೇ ಮಾಡಿಕೊಳ್ಳಬಹುದು.

ಹೊರಡುವ ಹಿಂದಿನ ದಿನ ಮಗು ದಡದಲ್ಲಿ ಕೂತು ಅಜ್ಜಿಗೆ ವಿಡಿಯೊ ಕಾಲ್ ಮಾಡಿತ್ತು. ಊರಲ್ಲಿ ಬೆಳಿಗ್ಗೆ ಹತ್ತೂವರೆ, ಅಮ್ಮ ಕೊಬ್ಬರಿ ಒಣಹಾಕಿ ಜಗುಲಿಯ ಮೇಲೆ ಕೂತಿದ್ದಳು. ನಾನು ಈಜುಡುಗೆಯಲ್ಲಿದ್ದೆ. ಮುಚ್ಚಿಕೊಳ್ಳಲು ಟವೆಲ್ಲಿಗೆ ಕೈಹಾಕಿದೆ, ಆಮೇಲೆ ಬಿಟ್ಟೆ.

"ಜೊಂಡಿಲ್ವೇನೇ ಅಲ್ಲಿ?" ಮೊದಲು ಕೇಳಿದ್ದೇ ಅದು.

"ಇದೆ ಕಣಮ್ಮ, ಬೇಕಾದಷ್ಟಿದೆ" ಅಂದೆ.

ಅಷ್ಟರಲ್ಲಿ ಕೊಯ್ಲಿನ ದೋಣಿ ಬಂತು. ಮಗು ಫೋನನ್ನು ಆ ಕಡೆ ತಿರುಗಿಸಿತು. ದೋಣಿಯ ಮೇಲೆ ಹಸಿ ಜೊಂಡಿನ ರಾಶಿ, ಹುಲ್ಲಿನ ಹೊರೆಯಂತೆ, ನೀರು ಸೋರುತ್ತಾ ನಿಧಾನಕ್ಕೆ ನಮ್ಮ ಮುಂದೆ ಹಾದುಹೋಯಿತು. ಅಮ್ಮ ಸುಮ್ಮನೆ ನೋಡಿದಳು. ಅದು ಮರೆಯಾದ ಮೇಲೆ ಕೇಳಿದಳು, "ಅದನ್ನ ದನಕ್ಕೆ ಹಾಕ್ತಾರಾ?"

ನನಗೆ ಮಾತು ಹೊರಡಲಿಲ್ಲ. ಅವಳೇ ಮುಂದುವರಿಸಿದಳು. "ಸರಿ, ನೀನು ಹೋಗು, ಹೊತ್ತಾಯ್ತು. ಫೋನು ಮಗು ಕೈಲೇ ಇರ್ಲಿ. ನೋಡ್ತಾ ಇರ್ತೀನಿ."

ಕಿತ್ತಳೆ ಚೀಲವನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿದೆ.